ಮೋರೇರ ಮನೆ ತೆಗೆದ ಶುಕ್ರವಾರ

ನಾನು ಕುಣಿ ತೋಡುವವನು. ಮೊದಲೇ ಹೇಳಿಬಿಡುತ್ತೇನೆ, ನಡುವೆ ಗೊತ್ತಾಗಿ ಮುಖ ಸಿಂಡರಿಸುವುದು ಬೇಡ. ಹೆಸರು ನಿಜಾಮುದ್ದೀನ. ಲಕ್ಷ್ಮೇಶ್ವರದ ಖಬರಸ್ತಾನದಲ್ಲಿ ಮೂವತ್ತೆಂಟು ವರ್ಷದಿಂದ ಸತ್ತವರಿಗೆ ಜಾಗ ಮಾಡಿಕೊಡುವುದೇ ನನ್ನ ಕೆಲಸ. ಬದುಕಿದ್ದಾಗ ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ಸರಿದು ಹೋಗುವವರೂ ಕಡೆಗೆ ನನ್ನ ಕೈಗೇ ಬರುತ್ತಾರಲ್ಲ ಎಂದು ಹೆಂಡತಿ ಅಲ್ಮಾಸಬಿಯ ಮುಂದೆ ನಗಾಡುತ್ತಿದ್ದೆ. ಈಗ ಆ ನಗೆ ಬರುವುದಿಲ್ಲ.

ಈ ಕೆಲಸಕ್ಕೂ ಒಂದು ವಿದ್ಯೆ ಇದೆ. ಒಮ್ಮೆ ತೋಡಿದ ನೆಲ ಮತ್ತೆ ಮೊದಲಿನ ನೆಲವಾಗುವುದಿಲ್ಲ. ನೂರು ವರ್ಷವಾಗಿರಲಿ, ಸಾವಿರವಾಗಿರಲಿ, ಉದ್ದನೆಯ ಸಲಾಕೆ ಊರಿದರೆ ಕೈಗೆ ಗೊತ್ತಾಗುತ್ತದೆ. ತೋಡದ ನೆಲ ಸಲಾಕೆಯನ್ನು ತಡೆಯುತ್ತದೆ, ತೋಡಿದ ನೆಲ ಬಿಟ್ಟುಕೊಡುತ್ತದೆ. ಹೊಸ ಕುಣಿ ತೋಡುವಾಗ ಹಳೆಯ ಎಲುಬು ಸಿಕ್ಕರೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಅದೇ ಕುಣಿಯ ಒಂದು ಮೂಲೆಯಲ್ಲಿಟ್ಟು ಮುಚ್ಚುತ್ತೇವೆ. ಹೊರಗೆ ಎಸೆಯುವುದಿಲ್ಲ, ಬೇರೆ ಕಡೆ ಒಯ್ಯುವುದಿಲ್ಲ. ಮಲಗಿದವರು ಮಲಗಿದಲ್ಲೇ ಇರಬೇಕು. ಅದೊಂದು ನಂಬಿಕೆಯ ಮೇಲೇ ಊರು ನನ್ನ ಕೈಗೆ ತನ್ನ ತಾಯಿ ತಂದೆಯರನ್ನು ಕೊಡುತ್ತದೆ.

ಶಿಗ್ಲಿ ದಾರಿಯಲ್ಲಿ ದ್ಯಾಮಪ್ಪನ ಹೊಲವಿದೆ. ನನ್ನ ತಾಯಿ ಅವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು, ನಾನೂ ದ್ಯಾಮಪ್ಪನೂ ಅಲ್ಲೇ ಆಡಿ ಬೆಳೆದವರು. ಹೊಲದ ನಡುವೆ ಹನ್ನೊಂದು ಕಲ್ಲು ದುಂಡಗೆ ಕೂತಿವೆ. ಎರಡು ಎದೆಯೆತ್ತರ, ಉಳಿದವು ಮೊಣಕಾಲಿನಷ್ಟು. ನಡುವಿನ ನೆಲ ಸ್ವಲ್ಪ ಉಬ್ಬಿದೆ. ಮೋರೇರ ಮನೆ ಅನ್ನುತ್ತಾರೆ. ಮೋರೇರು ಅಂದರೆ ಗೇಣುದ್ದದ ಜನರಂತೆ, ಬೆಂಕಿ ಮಳೆ ಬರುತ್ತದೆಂದು ಹೆದರಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೇ ಸತ್ತರಂತೆ. ನಾವು ಹುಡುಗರು ಅದನ್ನು ನಂಬಿದ್ದೆವು. ದೊಡ್ಡವನಾಗಿ ಸಲಾಕೆ ಹಿಡಿದ ಮೇಲೆ ನನಗೆ ಗೊತ್ತಾಯಿತು, ಅದು ಮನೆಯಲ್ಲ, ನಮ್ಮ ಕೆಲಸವೇ. ಯಾವ ಕಾಲದಲ್ಲೋ ಯಾರನ್ನೋ ಇಟ್ಟು ಮುಚ್ಚಿದ ಜಾಗ.

ದ್ಯಾಮಪ್ಪನ ಮನೆಯವರು ಆ ದುಂಡಿನೊಳಗೆ ಎಂದೂ ಕುಂಟೆ ಹೊಡೆದವರಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುವಾಗ ಮೊದಲ ತುತ್ತು ಅಲ್ಲಿಗೇ. ನಾಲ್ಕು ವರ್ಷದ ಹಿಂದೆ, ಬೇಸಿಗೆಯಲ್ಲಿ ದ್ಯಾಮಪ್ಪ ತೀರಿಕೊಂಡ. ಅವರಲ್ಲಿ ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ. ಎರೆ ನೆಲ ಒಣಗಿ ಕಲ್ಲಾಗಿತ್ತು, ಊರ ಹುಡುಗರು ಮೊಣಕಾಲಿನ ಆಳಕ್ಕೇ ಸೋತು ಕೂತರು. ಅವನ ಹೆಂಡತಿ ಸಾವಿತ್ರೆವ್ವ ನನಗೆ ಹೇಳಿ ಕಳಿಸಿದಳು. ಕಲ್ಲಿನ ದುಂಡಿನಿಂದ ಮೂವತ್ತು ಹೆಜ್ಜೆ ಆಚೆ ನನ್ನ ಗೆಳೆಯನ ಕುಣಿಯನ್ನು ನಾನೇ ತೋಡಿ, ನಾನೇ ಮುಚ್ಚಿದೆ. ಅವತ್ತಿನಿಂದ ಅವಳು ನನ್ನನ್ನು ಅಣ್ಣಾ ಅನ್ನುತ್ತಿದ್ದಳು. ಪ್ರತಿ ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿ ನಮ್ಮ ಮನೆಗೆ ಬರುತ್ತಿತ್ತು.

ಇನ್ನು ವಿಶ್ರುತನ ಮಾತು. ಅವನು ನಮ್ಮ ಶ್ರೀನಿವಾಸ ಮಾಸ್ತರರ ಮಗ. ಮಾಸ್ತರರು ನನಗೆ ಕನ್ನಡ ಕಲಿಸಿದವರು, ಈ ಅಕ್ಷರಗಳೆಲ್ಲ ಅವರು ತಿದ್ದಿಸಿದ್ದೇ. ಕೊರೊನಾ ಎರಡನೇ ಸಲ ಬಂದಾಗ ಅವರು ಹೋದರು. ಹೆಣದ ಹತ್ತಿರ ಯಾರೂ ಬರಲಿಲ್ಲ. ಬೈಯುವುದಿಲ್ಲ, ಆಗ ಹೆದರದವರು ಯಾರಿದ್ದರು? ನಾನು ಮತ್ತು ಇನ್ನಿಬ್ಬರು ಪ್ಲಾಸ್ಟಿಕ್ ಅಂಗಿ ತೊಟ್ಟು ಮಾಸ್ತರರನ್ನು ಹೊತ್ತೆವು, ವಿಶ್ರುತ ದೂರ ನಿಂತು ಹೇಳಿದಂತೆ ಕಟ್ಟಿಗೆ ಒಟ್ಟಿದೆವು, ಅವನು ಬಂದು ಬೆಂಕಿ ಇಟ್ಟ. ಅವತ್ತು ಅವನು ನನ್ನ ಕೈ ಹಿಡಿದು ಅತ್ತ. ಆಮೇಲೆ ಗದಗಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಿತು. ಊರಿಗೆ ಬಂದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದ.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಒಂದು ದಿನ ಚಹಾದ ಮೇಲೆ ನನ್ನ ವಿದ್ಯೆ ಕೊಚ್ಚಿಕೊಳ್ಳುತ್ತ, ದ್ಯಾಮಪ್ಪನ ಕುಣಿ ತೋಡಿದ ದಿನ ಆ ಕಲ್ಲಿನ ದುಂಡಿನೊಳಗೆ ಸಲಾಕೆ ಊರಿ ನೋಡಿದ್ದನ್ನು ಹೇಳಿದೆ. ಎರಡು ಮೊಳದ ಕೆಳಗೆ ಚಪ್ಪಡಿ ಇದೆ, ಅದರ ಮೂಲೆ ಮುರಿದ ಸಂದಿನಲ್ಲಿ ಸಲಾಕೆ ಇಳಿಯಿತು, ಕೆಳಗೆ ತೋಡಿದ ಮಣ್ಣಿದೆ ಎಂದೆ. ವಿಶ್ರುತನ ಕೈಯಲ್ಲಿನ ಬಟ್ಟಲು ಅಲ್ಲೇ ನಿಂತಿತು. ಅಂಥ ಸಮಾಧಿಗಳು ಮೂರು ಸಾವಿರ ವರ್ಷ ಹಳೆಯವು, ಯಾರೂ ಮುಟ್ಟದೇ ಉಳಿದದ್ದು ಸಿಗುವುದೇ ಅಪರೂಪ ಎಂದ. ಒಂದು ದಿನ ತೆಗೆದು ನೋಡೋಣ, ಅಳತೆ ಹಾಕೋಣ, ಫೋಟೊ ಹೊಡೆದು ಮತ್ತೆ ಹಾಗೇ ಮುಚ್ಚಿಬಿಡೋಣ ಎಂದು ಎರಡು ತಿಂಗಳು ಬೆನ್ನು ಹತ್ತಿದ. ಸಾವಿತ್ರೆವ್ವನ ಹತ್ತಿರ ತಾನೇ ಹೋಗಿ ಕೇಳಿದ್ದನಂತೆ, ಅವಳು ಬಾಗಿಲಲ್ಲೇ ಬೇಡ ಅಂದಳಂತೆ. ಅದಕ್ಕೇ ನಾನು ಬೇಕಾದೆ.

"ಕಾಕಾ, ನನ್ನ ಅಪ್ಪನ್ನ ಹೊತ್ತವರು ನೀವು. ನಿಮಗ ನಾ ಸುಳ್ಳ ಹೇಳ್ತೀನೇನು?" ಎಂದ.

ಈ ಮಾತಿಗೆ ನಾನು ಬಿದ್ದೆ. ಯಾರಾದರೂ ಬೀಳುತ್ತಿದ್ದರು.

ಹೊಲಕ್ಕೆ ಹೋದೆ, ಸಾವಿತ್ರೆವ್ವ ನನ್ನ ಮಾತನ್ನು ಪೂರ್ತಿ ಕೇಳಿದಳು. ಹೊಲಕ್ಕೆ ಮೊದಲು ಬಂದವರು ಆ ಮೋರೇರು, ಆಮೇಲೆ ನಾವು, ನಮ್ಮ ಯಜಮಾನರೂ ಈಗ ಅವರ ಪಂಕ್ತಿಯಲ್ಲೇ ಕೂತಿದ್ದಾರೆ, ನೋಡುವುದಾದರೆ ನೋಡಲಿ, ಆದರೆ ಅಲ್ಲಿಂದ ಒಡೆದ ಗಡಿಗೆಯ ಒಂದು ಬೋಕಿ ಕೂಡ ಹೊರಗೆ ಹೋಗಬಾರದು ಎಂದಳು. ನಾನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅವಳ ಅಂಗೈಯಲ್ಲಿಟ್ಟೆ. ಕುಣಿ ತೋಡುವವನಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ, ಅವಳಿಗೂ ಅದು ಗೊತ್ತು. "ಇದ್ದದ್ದು ಇದ್ದಲ್ಲೇ ಇರ್ತೈತಿ. ನನ್ನ ಮಾತು," ಎಂದೆ. ಅವಳು ಮುಷ್ಟಿ ಮುಚ್ಚಿಕೊಂಡಳು.

ಯುಗಾದಿ ಕಳೆದು ಜೋಳದ ಹೊಲ ಖಾಲಿಯಾಗಿತ್ತು. ಗುಡ್ ಫ್ರೈಡೆಗೆ ಕಾಲೇಜಿಗೆ ರಜೆಯೆಂದು ವಿಶ್ರುತ ಅದೇ ದಿನ ಗೊತ್ತು ಮಾಡಿದ. ಶುಕ್ರವಾರ ಮಧ್ಯಾಹ್ನ ನನಗೆ ಜುಮ್ಮಾ ನಮಾಜು ಇದೆಯೆಂದು ಅವನಿಗೆ ಗೊತ್ತಿತ್ತು. ಆಗ ನನಗೆ ಅದು ಹೊಳೆಯಲಿಲ್ಲ. ಬೆಳಕು ಹರಿಯುವುದಕ್ಕೆ ಅವನು, ಅವನ ಕಾರಿನ ಡ್ರೈವರ್ ನಂದೀಶ, ನಾನು, ಮೂವರು ಹೊಲದಲ್ಲಿದ್ದೆವು. ತೆಗೆದ ಮಣ್ಣೆಲ್ಲ ಒಂದು ತಾಡಪತ್ರೆಯ ಮೇಲೆ ಹಾಕಿದೆ. ಹತ್ತು ಗಂಟೆಗೆ ಚಪ್ಪಡಿ ಕಂಡಿತು. ಮೂವರೂ ಹಾರೆ ಕೊಟ್ಟು ಮೀಟಿ ಪಕ್ಕಕ್ಕೆ ಸರಿಸಿದೆವು.

ಕೆಳಗೆ ನಾಲ್ಕು ಕಡೆ ನಾಲ್ಕು ಚಪ್ಪಡಿ ನಿಲ್ಲಿಸಿ ಮಾಡಿದ ಪೆಟ್ಟಿಗೆ. ಮೂಡಣದ ಚಪ್ಪಡಿಯಲ್ಲಿ ತೋಳು ಹೋಗುವಷ್ಟು ದುಂಡನೆಯ ಕಂಡಿ. ಒಳಗಿನ ಮಣ್ಣನ್ನು ಕೈಯಿಂದಲೇ ಬಾಚಿದೆ. ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಗಡಿಗೆಗಳು, ಬಟ್ಟಲುಗಳು, ತುಕ್ಕು ತಿಂದ ಒಂದು ಕುಡಗೋಲು. ಒಂದು ಬಟ್ಟಲಿನ ಅಂಚಿಗೆ ನನ್ನ ಹಳೆಯ ಸಲಾಕೆಯ ಪೆಟ್ಟು ಬಿದ್ದು ಅರ್ಧಚಂದ್ರದಷ್ಟು ಎಗರಿಹೋಗಿತ್ತು. ನನಗೆ ಬಹಳ ಕೆಟ್ಟೆನಿಸಿತು. ಅವುಗಳ ಕೆಳಗೆ ಎಲುಬು. ಕಾಲಿನ ಉದ್ದ ಎಲುಬುಗಳನ್ನು ಜೋಡಿಸಿತ್ತು, ಅವುಗಳ ಮೇಲೆ ತಲೆ, ತಲೆಯ ಕೆಳಗೆ ಒಂದು ಚಪ್ಪಟೆ ಕಲ್ಲು. ಯಾರೋ ಅವಸರ ಮಾಡದೆ, ಒಂದೊಂದಾಗಿ ಇಟ್ಟಿದ್ದರು. ಆ ಕೈಯನ್ನು ನಾನು ಗುರುತು ಹಿಡಿದೆ. ಅವನ ಜಾತಿ ಗೊತ್ತಿಲ್ಲ, ದೇವರು ಗೊತ್ತಿಲ್ಲ, ಆದರೆ ಅವನು ನನ್ನ ಕಸುಬಿನವನು. ಮೂರು ಸಾವಿರ ವರ್ಷದ ಮೇಲೂ ಅವನ ಕೆಲಸ ಕೆಟ್ಟಿರಲಿಲ್ಲ. ಸತ್ತವರಿಗೆ ಓದುವ ಫಾತಿಹಾವನ್ನು ಬಾಯೊಳಗೇ ಓದಿಕೊಂಡೆ, ಯಾರಿಗೆ ಸೇರಬೇಕೋ ಸೇರಲಿ ಎಂದು.

ವಿಶ್ರುತ ಫೋಟೊ ಹೊಡೆದ, ಟೇಪು ಹಿಡಿದ, ಬರೆದುಕೊಂಡ. ಹನ್ನೆರಡೂವರೆಯಾಯಿತು. ನಮ್ಮಲ್ಲಿ ಒಂದು ಕಟ್ಟಳೆ ಇದೆ: ತೆರೆದ ಕುಣಿಯನ್ನು ಒಂಟಿಯಾಗಿ ಬಿಡಬಾರದು. ತೋಡಿದವನು ಏಳಬೇಕಾದರೆ ಸತ್ತವರ ಮನೆಯವರನ್ನು ಅಂಚಿಗೆ ಕೂರಿಸಿ ಏಳಬೇಕು. ಹಾಗೆ ಕೂತವನು ಆ ಹೊತ್ತಿಗೆ ಕುಣಿಯ ಯಜಮಾನ. ವಾಪಸು ಬಂದ ಮೇಲೆ ಏನು ಮಾಡಿದೆ ಎಂದು ಅವನನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಅವಮಾನ. ಈ ಕಟ್ಟಳೆ ನಮಗೆ ಎಷ್ಟು ಸಹಜವೆಂದರೆ, ಅದು ಬೇರೆಯವರಿಗೂ ಇರುತ್ತದೆ ಎಂದೇ ನಾನು ತಿಳಿದೆ. ಕೂತಿರು ಎಂದು ವಿಶ್ರುತನಿಗೆ ಹೇಳಿದೆ. ಅವನು ತಲೆಗೆ ಟವೆಲ್ ಸುತ್ತಿಕೊಂಡು ಅಂಚಿಗೆ ಕೂತ. ಬೆಕ್ಕನ್ನು ಹಾಲಿನ ಕಾವಲಿಗೆ ಕೂರಿಸಿ ನಾನು ಶಿಗ್ಲಿಯ ಮಸೂತಿಗೆ ನಡೆದೆ.

ಎರಡೂವರೆಗೆ ತಿರುಗಿ ಬಂದಾಗ ಎಲ್ಲ ಮುಗಿದಿತ್ತು. ಚಪ್ಪಡಿ ಸರಿಯಾಗಿ ಕೂತಿತ್ತು, ಮೇಲೆ ಮಣ್ಣು ಎಳೆದು ತುಳಿದಿದ್ದರು, ತಾಡಪತ್ರೆ ಕೊಡವಿ ಮಡಚಿಟ್ಟಿದ್ದರು. ಅಡ್ಡಮಳೆಯ ಮೋಡ ಬಂದವು, ಎಲುಬು ನೆನೆಯಬಾರದಲ್ಲ ಕಾಕಾ, ಎಲ್ಲ ಇದ್ದಂಗೆ ಇಟ್ಟು ಮುಚ್ಚಿದೆವು ಎಂದ. ಪಡುವಣದಲ್ಲಿ ಮೋಡವೇನೋ ಇತ್ತು.

ಆದರೆ ಮಣ್ಣು ಉಳಿದಿರಲಿಲ್ಲ. ಕುಣಿಯಿಂದ ತೆಗೆದ ಮಣ್ಣು ಪೂರ್ತಿ ಕುಣಿಗೇ ಹೋಗುವುದಿಲ್ಲ. ತೋಡಿದ ಮೇಲೆ ಮಣ್ಣು ಸಡಿಲಾಗಿ ಹಿಗ್ಗುತ್ತದೆ, ಒಳಗೆ ಒಬ್ಬರು ಜಾಗ ಹಿಡಿದಿರುತ್ತಾರೆ. ಅದಕ್ಕೇ ಪ್ರತಿ ಗೋರಿಯ ಮೇಲೆ ಒಂದು ದಿಬ್ಬ ಏಳುತ್ತದೆ. ಇಲ್ಲಿ ದಿಬ್ಬ ಎಲ್ಲಿ? ಬೆಳಿಗ್ಗೆ ಉಬ್ಬಿದ್ದ ನೆಲ ಈಗ ಸಮತಟ್ಟಾಗಿತ್ತು. ಮೂವತ್ತೆಂಟು ವರ್ಷದ ಕಣ್ಣು ಅದನ್ನು ಒಂದೇ ನೋಟಕ್ಕೆ ಹಿಡಿಯಿತು. ಕಾರಿನ ಡಿಕ್ಕಿ ತೆಗೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅಂಚಿಗೆ ಕೂತವನನ್ನು ಕೇಳಬಾರದು, ಅದರ ಮೇಲೆ ಮಾಸ್ತರರ ಮಗ. ಚೆನ್ನಾಗಿ ತುಳಿದಿರಬೇಕು, ಅದಕ್ಕೇ ಇಳಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅಲ್ಲಿಂದ ನೇರ ಸಾವಿತ್ರೆವ್ವನ ಮನೆಗೆ ಹೋಗಿ, "ಎಲ್ಲಾ ಒಳಗ ಐತಿ, ಏನೂ ಹೋಗಿಲ್ಲ," ಎಂದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆತು, ಅಂದಳು. ಚಹಾ ಕೊಟ್ಟಳು. ಕುಡಿದು ಬಂದೆ.

ಆಮೇಲೆ ಅವಳು ನನ್ನನ್ನು ಕರೆಯಲಿಲ್ಲ. ಶ್ರಾವಣದಲ್ಲಿ ಅವಳ ಅತ್ತೆ ತೀರಿಕೊಂಡಾಗ ಕುಣಿ ತೋಡಲು ಶಿರಹಟ್ಟಿಯಿಂದ ಇಬ್ಬರನ್ನು ಕರೆಸಿದಳೆಂದು ಸಂತೆಯಲ್ಲಿ ಕೇಳಿದೆ. ಹೇಳಿ ಕಳಿಸಿದರೆ ಬಂದು ನಿಲ್ಲುವಷ್ಟು ಹತ್ತಿರ ನಾನಿದ್ದೇನೆ, ಅಷ್ಟು ದೂರದಿಂದ ಯಾಕೆ ಎಂದು ಮನಸ್ಸಿಗೆ ಹತ್ತಿತು. ಎಳ್ಳಮಾವಾಸ್ಯೆಗೆ ಬುತ್ತಿ ಬರಲಿಲ್ಲ. ಅಲ್ಮಾಸಬಿ ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದಳು. ಏನೋ ಅಡಚಣೆ ಇರಬೇಕು ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ನಮ್ಮ ಮೊಮ್ಮಗಳು ರುಹಿ ಗದಗಿನಲ್ಲಿ ಪಿಯುಸಿ ಓದುತ್ತಾಳೆ. ಜನವರಿಯಲ್ಲಿ ಒಂದು ಭಾನುವಾರ ಊರಿಗೆ ಬಂದವಳು, ವಿಶ್ರುತನ ಕಾಲೇಜಿನಲ್ಲಿ ಹಳೆಯ ವಸ್ತುಗಳ ಪ್ರದರ್ಶನವಿತ್ತೆಂದು ಮೊಬೈಲಿನಲ್ಲಿ ಫೋಟೊ ತೋರಿಸಿದಳು. ಗಾಜಿನ ಕಪಾಟು. ಒಳಗೆ ಕಪ್ಪು ಕೆಂಪು ಬಟ್ಟಲು, ಅಂಚಿನಲ್ಲಿ ಅರ್ಧಚಂದ್ರದಷ್ಟು ಎಗರಿದ್ದು. ಪಕ್ಕದಲ್ಲಿ ಕುಡಗೋಲು. ಕೆಳಗಿನ ಚೀಟಿಯನ್ನು ರುಹಿ ಓದಿದಳು: ಶಿಗ್ಲಿ ಹತ್ತಿರದ ಶಿಲಾ ಸಮಾಧಿ, ಶೋಧಿಸಿದವರು ವಿಶ್ರುತ, ಹೊಲದ ಮಾಲೀಕರು ಸಂತೋಷದಿಂದ ಕೊಟ್ಟದ್ದು. ಮೊಬೈಲು ಅವಳಿಗೇ ತಿರುಗಿ ಕೊಟ್ಟೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ನನ್ನ ಕೈಗೆ, ಮೊಸರು ಅವನ ಬಾಯಿಗೆ. ಆದರೆ ಮೊಸರಿಗಾಗಿ ನನಗೆ ಹೊಟ್ಟೆ ಉರಿಯಲಿಲ್ಲ. ನನ್ನ ಬಾಯಿಂದ ಸುಳ್ಳು ಹೇಳಿಸಿದ್ದಕ್ಕೆ ಉರಿಯಿತು.

ಮರುದಿನ ಮೊದಲ ಬಸ್ಸಿಗೆ ಗದಗಿಗೆ ಹೋದೆ. ವಿಶ್ರುತ ತನ್ನ ಕೋಣೆಯಲ್ಲಿದ್ದ. ಬರ್ರಿ ಕಾಕಾ ಎಂದು ಎದ್ದು ನಿಂತ, ಕುರ್ಚಿ ಎಳೆದ, ಜವಾನನಿಗೆ ಚಹಾ ಹೇಳಿದ. ನಾಚಿಕೆ ಅವನ ಮುಖದಲ್ಲಿ ಎಲ್ಲಿಯೂ ಇರಲಿಲ್ಲ, ಅದೇ ನನ್ನನ್ನು ಸೋಲಿಸಿದ್ದು. ಅಲ್ಲೇ ಬಿಟ್ಟಿದ್ದರೆ ನಾಳೆ ಯಾರೋ ನಿಧಿಗಳ್ಳರು ಒಡೆದು ಹಾಕುತ್ತಿದ್ದರು, ಇಲ್ಲಿ ನೂರು ಮಕ್ಕಳು ನೋಡುತ್ತಾರೆ ಎಂದ. ಎಲುಬು ಎಲ್ಲಿ ಎಂದು ಕೇಳಿದೆ. ವಯಸ್ಸು ತಿಳಿಯಲು ದೂರದ ಪ್ರಯೋಗಶಾಲೆಗೆ ಹೋಗಿವೆ, ಅರೆದು ಪುಡಿ ಮಾಡಿ ನೋಡುತ್ತಾರೆ, ಅವು ತಿರುಗಿ ಬರುವುದಿಲ್ಲ ಎಂದ. ಗೊಬ್ಬರದ ಚೀಲದಲ್ಲಿ ಹಾಕಿ ಒಯ್ದದ್ದಂತೆ. ಆ ಹಳೆಯ ಕಸುಬಿನವನು ಒಂದೊಂದಾಗಿ ಜೋಡಿಸಿದ್ದನ್ನು ಇವನು ಚೀಲದಲ್ಲಿ ಸುರಿದಿದ್ದ.

"ನನ್ನ ಮಾತು ಕೊಟ್ಟಿದ್ದೆನಲ್ಲೋ ಆಕಿಗೆ," ಎಂದೆ.

"ಕಾಕಾ, ಮೂರು ಸಾವಿರ ವರ್ಷದ್ದದು. ಅವರಿಗೆ ವಾರಸುದಾರರು ಯಾರಿದ್ದಾರ? ಮತ್ತ ಸಾವಿತ್ರೆವ್ವಗ ಅವತ್ತೇ ಹೇಳೀನಿ. ಆಕಿ ಏನೂ ಅನ್ನಲಿಲ್ಲ."

ಅವತ್ತೇ ಹೇಳಿದ್ದಾನೆಂದರೆ ಏನು ಹೇಳಿದ್ದಾನೆ? ಚಹಾ ಬರುವ ಮೊದಲೇ ಎದ್ದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಅವನು ಬಾಗಿಲವರೆಗೂ ಬಂದು, ಪುಸ್ತಕ ಬರೆಯುತ್ತಿದ್ದೇನೆ, ಅದರಲ್ಲಿ ನಿಮ್ಮ ಹೆಸರೂ ಹಾಕುತ್ತೇನೆ ಎಂದ. ಹಾಕಬೇಡ ಎಂದೆ. ಮಾಸ್ತರರು ಇದ್ದಿದ್ದರೆ ಇವನ ಕಿವಿ ಹಿಂಡುತ್ತಿದ್ದರೋ ಅಥವಾ ಅವರೂ ಆ ಗಾಜಿನ ಕಪಾಟಿನ ಮುಂದೆ ನಿಂತು ಹೆಮ್ಮೆ ಪಡುತ್ತಿದ್ದರೋ, ನನಗೆ ಗೊತ್ತಿಲ್ಲ. ಅದು ಗೊತ್ತಿಲ್ಲದಂತೆ ಮಾಡಿದನಲ್ಲ, ಅದಕ್ಕೂ ನಾನು ಅವನನ್ನು ಕ್ಷಮಿಸಲಾರೆ.

ಶಿಗ್ಲಿಯಲ್ಲಿ ಬಸ್ಸಿಳಿದು ನೇರ ಹೊಲಕ್ಕೆ ನಡೆದೆ. ಸಾವಿತ್ರೆವ್ವ ಬದುವಿನ ಮೇಲೆ ಕೂತು ಕಡಲೆ ಗಿಡದ ಕಾಯಿ ಬಿಡಿಸುತ್ತಿದ್ದಳು. ಕುಂಡ್ರು ಅನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಜುಮ್ಮಾಕ್ಕೆ ಹೋದದ್ದು, ಮಣ್ಣು ಉಳಿಯದ್ದು ಕಂಡರೂ ಕೇಳದೇ ಇದ್ದದ್ದು, ಕಪಾಟು, ಚೀಟಿ, ಚೀಲ. ಏನನ್ನೂ ಮುಚ್ಚಿಡಲಿಲ್ಲ. ಅವಳ ಕೈ ಕಾಯಿ ಬಿಡಿಸುತ್ತಲೇ ಇತ್ತು.

"ನೀ ನಮಾಜಿಗೆ ಹೋದಿ," ಎಂದಳು ಕಡೆಗೆ. "ಆ ಹುಡುಗ ನನ್ನ ಮನಿಗೆ ಬಂದ. ನಿಜಾಮ ಕಾಕಾ ಒಪ್ಪ್ಯಾನ, ಅವಂದೂ ಒಂದು ಪಾಲು ಐತಿ, ನೀವು ಸುಮ್ಮನಿರ್ರಿ ಅಂದ. ನಾ ನಂಬಲಿಲ್ಲ. ಓಡಿಕೋತ ಹೊಲಕ್ಕ ಬಂದರ ಚೀಲ ಕಾರಿನ್ಯಾಗ ಇಡಾಕತ್ತಿದ್ರು. ಆದರೂ ನಂಬಲಿಲ್ಲ. ನಿಜಾಮಣ್ಣ ಬರಲಿ, ಅವನ ಬಾಯಿಲೆ ಕೇಳೂಣು ಅಂತ ಮನಿಗೆ ಬಂದು ಕುಂತೆ. ನೀ ಬಂದಿ. ಎಲ್ಲಾ ಒಳಗ ಐತಿ ಅಂದಿ."

ಅವಳ ಮುಂದೆಯೇ ನೆಲದ ಮೇಲೆ ಕೂತೆ. ಒಂಬತ್ತು ತಿಂಗಳು ಅವಳು ನನ್ನನ್ನು ಕಳ್ಳನ ಪಾಲುದಾರ ಎಂದು ತಿಳಿದಿದ್ದಳು. ಹಾಗೆ ತಿಳಿಯಲು ವಿಶ್ರುತನ ಸುಳ್ಳೊಂದೇ ಸಾಲುತ್ತಿರಲಿಲ್ಲ. ಅದರ ಮೇಲೆ ಮುದ್ರೆ ಒತ್ತಿದ್ದು ನನ್ನ ಬಾಯಿ. ನನಗೆ ಗೊತ್ತಿರಲಿಲ್ಲವೆಂದು ದೇವರ ಮೇಲೆ ಆಣೆ ಮಾಡಿದೆ. ಗೊತ್ತಿರಲಿಕ್ಕಿಲ್ಲ ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಅವತ್ತ ರಾತ್ರಿಯಿಂದ ನನಗ ಒಂದೇ ವಿಚಾರ," ಎಂದಳು. "ಸತ್ತವರ ಸಾಮಾನು ಮಾರೂ ಮನುಷ್ಯಾ, ನಮ್ಮ ಯಜಮಾನರ ಕುಣಿ ಮುಚ್ಚಿದವನೂ ಅವನ. ಅವರ ಕೊಳ್ಳಾಗ ಲಿಂಗದ ಬೆಳ್ಳಿ ಕರಡಿಗಿ ಇತ್ತು. ಅದನ್ನ ಬಿಟ್ಟಾನೋ ಇಲ್ಲೋ. ಉಂಡದ್ದು ಇಳಿಯಲಿಲ್ಲ, ಮಕ್ಕೊಂಡರ ನಿದ್ದಿ ಹತ್ತಲಿಲ್ಲ. ನಮ್ಮ ಅತ್ತಿಯವರ ಕುಣಿ ತೋಡಾಕ ಬಂದಿದ್ದ ಶಿರಹಟ್ಟಿಯವರಿಗೆ ಹೇಳಿ, ಯಜಮಾನರ ಕುಣೀನೂ ತೆಗಿಸಿದೆ."

ನಾನು ದ್ಯಾಮಪ್ಪನ ಕುಣಿಯ ಕಡೆ ತಿರುಗಿ ನೋಡಿದೆ. ನಾನು ಕಟ್ಟಿದ್ದ ದಿಬ್ಬ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಹೆಂಟೆಗಳು ಅಸಡ್ಡಾಳವಾಗಿ ಬಿದ್ದಿದ್ದವು, ಒಂದು ಬದಿ ಮಳೆಗೆ ಕುಸಿದು ಗುಳಿಯಾಗಿತ್ತು. ನನ್ನ ಕೈಯಿಂದ ಮುಚ್ಚಿದ ಸಾವಿರಾರು ಕುಣಿಗಳಲ್ಲಿ ಒಂದನ್ನೂ ಯಾರೂ ಹೀಗೆ ಸಂಶಯದಿಂದ ತೆಗೆಸಿರಲಿಲ್ಲ. ತೆಗೆಸಿದ್ದು ನನ್ನ ಗೆಳೆಯನದು, ತೆಗೆಸಿದವಳು ನನ್ನನ್ನು ಅಣ್ಣ ಅಂದವಳು.

"ಕರಡಿಗಿ ಇತ್ತು," ಎಂದಳು. ಮೊದಲ ಸಲ ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. "ಎಲ್ಲಾ ಇದ್ದಂಗ ಇತ್ತು. ನೀ ಏನೂ ಮುಟ್ಟಿರಲಿಲ್ಲ. ಅದನ್ನ ನೋಡಿ ನನಗ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ನಿನ್ನ ಮಾತಿನ ಸಲುವಾಗಿ ನಾ ಅವರನ್ನ ಎಬ್ಬಿಸಿದೆ, ಅಣ್ಣಾ."

ಬದುವಿನ ಪಕ್ಕದಲ್ಲಿ ಅವಳ ಸಲಿಕೆ ಬಿದ್ದಿತ್ತು. ಎದ್ದು ಅದನ್ನು ಕೈಗೆತ್ತಿಕೊಂಡು ಕುಣಿಯ ಕಡೆ ನಾಲ್ಕು ಹೆಜ್ಜೆ ಹೋದೆ. ಗುಳಿಯನ್ನಾದರೂ ಮುಚ್ಚಿ, ಹೆಂಟೆ ಒಡೆದು, ಅವನ ಮೇಲೆ ಮಣ್ಣು ಸರಿ ಮಾಡೋಣ ಎಂದಿದ್ದೆ. ಹಿಂದಿನಿಂದ ಅವಳು ಬೇಡ ಎಂದಳು. ಆ ಕೆಲಸ ಶಿರಹಟ್ಟಿಯವರೇ ಬಂದು ಮಾಡುತ್ತಾರೆ, ಹೇಳಿ ಕಳಿಸಿದ್ದೇನೆ ಎಂದಳು. ನಾನು ಸಲಿಕೆಯನ್ನು ತಂದು ಇದ್ದಲ್ಲೇ ಇಟ್ಟೆ.